ತೊಟ್ಟಿಲಿಗೆ ಮೊದಲು ಬಂದದ್ದು

ನನ್ನ ಮೊಮ್ಮಗಳು ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ನಿಂತು, ಹಿಂದೆ ತಿರುಗಿ, ಅಜ್ಜಿ ನೋಡಿದಳೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತಾಳೆ. ನೋಡದೆ ಇರಲು ನನಗಿನ್ನೇನು ಕೆಲಸ? ಕೆಳಗೆ ಎರಡು ಹಲ್ಲು ಬಂದಿವೆ, ಅಕ್ಕಿಕಾಳಿನಂಥವು. ಅವುಗಳಿಂದ ನನ್ನ ಬೆರಳು ಕಚ್ಚಿ ನಗುತ್ತಾಳೆ. ಬರೆಯಲು ಕೂತರೆ ಪೆನ್ನಿಗೆ ಕೈ ಹಾಕುತ್ತಾಳೆ, ಕನ್ನಡಕಕ್ಕೆ ಕೈ ಹಾಕುತ್ತಾಳೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಇಷ್ಟುದ್ದ ಬರೆಯುತ್ತಿರುವುದು ಜನ್ಮದಲ್ಲಿ ಇದೇ ಮೊದಲು. ಆದರೆ ತುಂಬಿದ ಕೊಡ ಹೊತ್ತವಳು ಎಲ್ಲಾದರೂ ಇಳಿಸಬೇಕಲ್ಲ. ಊರಿಗೆ ಫೋನ್ ಮಾಡಿ ಹೇಳಿ ಹೇಳಿ ಅವರಿಗೂ ಸಾಕಾಗಿದೆ. ಕೂಸು ಸೀನಿದರೂ ಫೋನ್ ಮಾಡುತ್ತೀಯಲ್ಲ ಅಂತ ನನ್ನ ತಂಗಿ ಮೊನ್ನೆ ಅಂದಳು.

ಆಕ್ಲೆಂಡ್‌ನ ಬಾಟನಿ ಡೌನ್ಸ್‌ನ ಈ ಮನೆಯಲ್ಲಿ, ಕೂಸಿನ ಹಾಸಿಗೆಯ ಪಕ್ಕದ ಮೂಲೆಯಲ್ಲಿ, ಒಂದು ಗುಂಡಕಲ್ಲು ಇದೆ. ಮಸಾಲೆ ಅರೆಯುವ ಕಲ್ಲು, ನಮ್ಮ ಗದಗಿನ ಅಡುಗೆಮನೆಯದು. ಮೊಮ್ಮಗಳು ಗೋಡೆ ಹಿಡಿದು ಹೆಜ್ಜೆ ಹಾಕುತ್ತ ಅಲ್ಲಿಗೆ ಹೋಗಿ ಕುಕ್ಕರಿಸಿ, ಅದನ್ನು ಅಂಗೈಯಿಂದ ಪಟಪಟ ತಟ್ಟುತ್ತಾಳೆ. ಆಗೆಲ್ಲ ನನ್ನ ಮಗಳು ಮಾಡುತ್ತಿದ್ದ ಕೆಲಸ ಬಿಟ್ಟು ನೋಡುತ್ತಾಳೆ. ನಾನೂ ನೋಡುತ್ತೇನೆ. ಬರೀ ಸಂತೋಷ ಬರೆಯಬೇಕು ಅಂತಲೇ ಕೂತೆ, ಆ ಕಲ್ಲು ಬಿಟ್ಟು ಬರೆಯಲು ಬರುತ್ತಿಲ್ಲ.

ಮಗಳ ಮದುವೆಯಾಗಿ ಬಹಳ ವರ್ಷ ಮಕ್ಕಳಾಗಲಿಲ್ಲ. ಊರಿನಿಂದ ನಾನು ಕೇಳುತ್ತಿದ್ದೆ, ಅವಳು ಮಾತು ಬದಲಿಸುತ್ತಿದ್ದಳು. ನಾನು ಕೇಳುವುದು ಕಡಿಮೆ ಮಾಡಿದೆ, ಅವಳು ಫೋನ್ ಮಾಡುವುದು ಕಡಿಮೆ ಮಾಡಿದಳು. ಆಮೇಲೆ ಒಂದು ದಿನ ತಾನಾಗಿಯೇ ಹೇಳಿದಳು, ಗರ್ಭದ ನಳಿಕೆ ಎರಡೂ ಮುಚ್ಚಿವೆ, ಡಾಕ್ಟರು ಇಬ್ಬರ ಬೀಜ ಹೊರಗೇ ಕೂಡಿಸಿ ಒಳಗೆ ಇಡಬೇಕು ಅನ್ನುತ್ತಾರೆ, ನೀನು ಸ್ವಲ್ಪ ದಿನ ಬಂದು ಇರು ಅಂತ. ಮಗಳ ಅಪ್ಪ ತೀರಿಕೊಂಡ ಮೇಲೆ ನನಗೂ ಊರಿನಲ್ಲಿ ಹಿಡಿದು ನಿಲ್ಲಿಸುವಂಥದ್ದು ಏನೂ ಇರಲಿಲ್ಲ. ವೀಸಾ ಆಯಿತು, ಬಂದೆ.

ಬಂದು ನೋಡಿದರೆ ಫ್ರಿಜ್‌ನಲ್ಲಿ ಹಾಲಿನ ಬಾಟಲಿಯ ಪಕ್ಕ ಸೂಜಿಮದ್ದು. ಸಂಜೆಯಾದರೆ ಅವಳೇ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚಿಕೊಳ್ಳುತ್ತಿದ್ದಳು. ಸಣ್ಣವಳಿದ್ದಾಗ ಕಾಲಿಗೆ ಮುಳ್ಳು ಚುಚ್ಚಿದರೆ ಓಣಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದ ಹುಡುಗಿ. ನಾನು ಆ ಕಡೆ ಮುಖ ಮಾಡಿ ನಿಂತರೆ ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು. ಈ ಮದ್ದು ಯಾಕೆ ಅಂದರೆ, ತಿಂಗಳಿಗೆ ಒಂದು ಬೆಳೆಯುವ ತತ್ತಿ ನಾಲ್ಕಾರು ಬೆಳೆಯಲಿ ಅಂತ. ನಮ್ಮ ಮನೆಯಲ್ಲಿ ತತ್ತಿ ಅನ್ನುವ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಈಗ ಊಟಕ್ಕೆ ಕೂತಾಗ ಅದೇ ಮಾತು, ಅದೂ ಅಳಿಯನ ಎದುರು. ಮೊದಲ ದಿನ ನಾನು ತಾಟು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಆಮೇಲಾಮೇಲೆ ನಾನೇ ಕೇಳತೊಡಗಿದೆ, ಇವತ್ತು ಎಷ್ಟು ದೊಡ್ಡವಾಗಿವೆ ಅಂತ.

ಅಳಿಯ ಕೂತು ತಿಳಿಸಿ ಹೇಳುವ ಮನುಷ್ಯ. ಒಂದು ಸಲ ಅಂದರು, ಅತ್ತೀ, ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಇರುವಾಗಲೇ ತನ್ನ ಪಾಲಿನ ಬೀಜವನ್ನೆಲ್ಲ ಒಳಗೆ ಇಟ್ಟುಕೊಂಡಿರುತ್ತದೆ, ಹುಟ್ಟಿದ ಮೇಲೆ ಹೊಸದು ಒಂದೂ ಆಗುವುದಿಲ್ಲ. ನಾನು ಕೈಯಲ್ಲಿದ್ದ ಬಟ್ಟೆ ಮಡಚುವುದು ನಿಲ್ಲಿಸಿದೆ. ಹಂಗಾದರೆ ನನ್ನ ಮಗಳು ನನ್ನ ಹೊಟ್ಟೆಯಲ್ಲಿದ್ದಾಗ, ಅವಳ ಹೊಟ್ಟೆಯಲ್ಲಿ ಅವಳ ಮಕ್ಕಳೂ ಇದ್ದರೇನು? ಹೌದು ಅಂದರು. ಓಣಿಯ ನಾಲ್ಕಾರು ಹೆಣ್ಣುಮಕ್ಕಳ ಬಾಣಂತನ ಮಾಡಿದವಳು ನಾನು, ನನಗೆ ಇದನ್ನು ಯಾರೂ ಹೇಳಿರಲಿಲ್ಲ. ನಾನು ರೊಟ್ಟಿ ಬಡಿಯುವಾಗ, ಬಾವಿಯಿಂದ ನೀರು ಸೇದುವಾಗ, ಇವರೆಲ್ಲ ನನ್ನ ಜೊತೆಗೇ ಇದ್ದರು ಅಂತ ಅವತ್ತು ಇಡೀ ದಿನ ಒಬ್ಬಳೇ ನಗುತ್ತಿದ್ದೆ.

ಡಾಕ್ಟರು ಒಳಗೆ ಇಡುವ ದಿನ ನಾನೂ ಹೋದೆ, ಹೊರಗೆ ಕೂತಿದ್ದೆ. ಬರುವಾಗ ಮಗಳ ಕೈಯಲ್ಲಿ ಒಂದು ಸಣ್ಣ ಫೋಟೋ ಇತ್ತು. ರಾತ್ರಿ ನೆನೆಹಾಕಿದ ಸಾಬೂದಾಣಿ ಬೆಳಿಗ್ಗೆ ಉಬ್ಬಿ, ನಡುವೆ ಒಂದು ಬಿಳಿ ಚುಕ್ಕಿ ಉಳಿದಿರುತ್ತದಲ್ಲ, ಥೇಟ್ ಹಾಗೆ. ಇದೇನು ಅಂದೆ.

"ಇದನ್ನ ಇವತ್ತ ಒಳಗ ಇಟ್ಟಾರವ್ವ," ಅಂದಳು.

ಒಳಗೆ ಇಟ್ಟರು ಅಂದರೆ ಬಸುರಿ ಅಂತಲೇ ನಾನು ತಿಳಿದೆ. ಬೇರೆ ಏನು ತಿಳಿಯಲಿ? ನಮ್ಮ ಕಾಲದಲ್ಲಿ ಮುಟ್ಟು ತಪ್ಪಿ, ವಾಂತಿಯಾಗಿ, ಅತ್ತೆ ಮುಖ ನೋಡಿ ಗುರುತಿಸಿದ ಮೇಲೆ ಬಸಿರು. ಇಲ್ಲಿ ಡಾಕ್ಟರೇ ಕೈಯಾರೆ ಇಟ್ಟು ಫೋಟೋ ಕೊಟ್ಟಿದ್ದಾರೆ, ಇದಕ್ಕಿಂತ ಖಾತ್ರಿ ಇನ್ನೇನು ಬೇಕು? ಅದು ಗರ್ಭಕ್ಕೆ ಹತ್ತಿಕೊಳ್ಳಬೇಕು, ಹತ್ತಿತೋ ಇಲ್ಲವೋ ತಿಳಿಯಲು ಇನ್ನೂ ದಿನ ಕಾಯಬೇಕು, ಆಮೇಲೆ ರಕ್ತ ಪರೀಕ್ಷೆ, ಇದು ನನಗೆ ಗೊತ್ತಿರಲಿಲ್ಲ. ಮಗಳು ಹೇಳಲಿಲ್ಲ, ನಾನು ಕೇಳಲಿಲ್ಲ. ಗೊತ್ತಿರುತ್ತದೆ ಅಂತ ಅವಳು ಅಂದುಕೊಂಡಳು, ಗೊತ್ತಿದೆ ಅಂತ ನಾನು ಅಂದುಕೊಂಡೆ.

ನಮ್ಮ ಕಡೆ ಕಳ್ಳಕುಬುಸ ಅಂತ ಒಂದು ಮಾಡುತ್ತಾರೆ. ದೊಡ್ಡ ಕುಬುಸ, ಅಂದರೆ ಸೀಮಂತ, ಆಮೇಲೆ, ಮಂದಿಯನ್ನೆಲ್ಲ ಕರೆದು. ಇದು ಮೂರನೇ ತಿಂಗಳಲ್ಲಿ, ತವರಿನವರು ಹೆಚ್ಚು ಸದ್ದಿಲ್ಲದೆ, ನಾಲ್ಕೈದು ಹೆಂಗಸರನ್ನು ಕರೆದು, ಮಗಳಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಾಯಿ ಸಿಹಿ ಮಾಡುವುದು. ಮೂರನೇ ತಿಂಗಳ ಹೊತ್ತಿಗೆ ನನ್ನ ವೀಸಾ ಮುಗಿದು ನಾನು ಊರಲ್ಲಿರುತ್ತಿದ್ದೆ. ತವರು ಅಂದರೆ ಅವಳಿಗೆ ನಾನೊಬ್ಬಳೇ. ಅದಕ್ಕೇ ಅವಸರ ಮಾಡಿದೆ. ಇಲ್ಲಿ ಬಸಿರೇ ಮೊದಲು ಗೊತ್ತಾಗುವಾಗ ಕುಬುಸವೂ ಮೊದಲೇ ಆದರೆ ಏನಾಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ನಾನು ಗಂಡನಿಲ್ಲದವಳು, ಬಳೆ ತೊಡಿಸುವುದಕ್ಕೂ ಉಡಿ ತುಂಬುವುದಕ್ಕೂ ನನ್ನ ಕೈ ನಡೆಯುವುದಿಲ್ಲ. ಆದ್ದರಿಂದ ಮುತ್ತೈದೆಯರನ್ನು ಕರೆಯಲೇಬೇಕು. ಪಕ್ಕದ ರಸ್ತೆಯಲ್ಲಿ ಹುಬ್ಬಳ್ಳಿಯ ಮುಸಲ್ಮಾನರ ಹೆಣ್ಣುಮಗಳು ಒಬ್ಬಳಿದ್ದಾಳೆ. ಅವಳ ಗಂಡನದು ಇಲ್ಲಿ ಡೈರಿ, ಅಂದರೆ ಹಾಲಿನದಲ್ಲ, ಬ್ರೆಡ್ಡಿನಿಂದ ಬೆಂಕಿಪೆಟ್ಟಿಗೆವರೆಗೆ ಎಲ್ಲ ಸಿಗುವ ಮೂಲೆಯ ಅಂಗಡಿ. ತವರಿನಲ್ಲಿ ಅವರದು ಬಳೆ ಅಂಗಡಿ. ಇಲ್ಲಿಗೂ ಗಾಜಿನ ಬಳೆಯ ಡಬ್ಬಿಗಳನ್ನು ತಂದಿಟ್ಟುಕೊಂಡಿದ್ದಾಳೆ. ಮಗಳಿಗೆ ಅವಳು ಬಳೆ ಆಂಟಿ, ನನಗೆ ತಂಗಿಯ ಹಾಗೆ. ಅವಳ ಕಿವಿಯಲ್ಲಿ ಹೇಳಿದೆ. ಮಗಳಿಗೆ ಹೇಳಬೇಡ, ಒಮ್ಮೆಲೇ ಕೂರಿಸೋಣ ಅಂದೆ. ಅವಳೇ ತನ್ನ ಕಾರಿನಲ್ಲಿ ಏವನ್‌ಡೇಲ್‌ನ ಭಾನುವಾರದ ಸಂತೆಗೆ ಕರೆದೊಯ್ದಳು. ಹಸಿರು ಬಾಳೆಗೊನೆ, ತೆಂಗಿನಕಾಯಿ, ಅರಿಶಿನಬೇರು. ಕಾಯಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೀರು ಕೇಳುತ್ತ ನಿಂತಿದ್ದೆ. ಅಕ್ಕಾರ, ಹೆರೋದು ನೀವು ಅನ್ನೂ ಹಂಗ ಮುಖ ಅರಳೇತಿ ಅಂತ ಬಳೆಯಾಕಿ ಚೇಷ್ಟೆ ಮಾಡಿದಳು.

ಶನಿವಾರ ಇಟ್ಟುಕೊಂಡೆ. ಅಳಿಯ ಕಂಪನಿಯ ಕೆಲಸಕ್ಕೆ ಕ್ರೈಸ್ಟ್‌ಚರ್ಚ್‌ನ ಹಾರ್ನ್‌ಬಿಗೆ ಹೋಗಿದ್ದರು, ಭಾನುವಾರ ಬರುವವರು. ಮಗಳು ಬೆಳಿಗ್ಗೆ ಬೇಗ ಎದ್ದು, ಬಹಳ ಹೊತ್ತು ಬಚ್ಚಲಲ್ಲಿದ್ದು, ಅಂಗಡಿಗೆ ಹೋಗಿ ಬರುತ್ತೇನೆ ಅಂತ ಹೊರಟಳು. ಮುಖ ಬಿಳಿಚಿತ್ತು. ಬಸುರಿಯ ಮುಖ ಅಂತ ನಾನು ಒಳಗೊಳಗೇ ಹಿಗ್ಗಿದೆ. ಅವಳು ತಿರುಗಿ ಬರುವಷ್ಟರಲ್ಲಿ ಹಾಲ್‌ನಲ್ಲಿ ಮಣೆ, ಮಣೆಯ ಸುತ್ತ ರಂಗೋಲಿ, ಸೋಫಾದ ಮೇಲೆ ಬಳೆಯಾಕಿ ಕರೆತಂದ ಜರಿ ಸೀರೆಯ ಹೆಂಗಸರು. ಬಾಗಿಲಲ್ಲೇ ನಿಂತಳು. ಕೈಯಲ್ಲಿ ಔಷಧಿ ಅಂಗಡಿಯ ಚೀಲ. ಮಣೆ ನೋಡಿದಳು, ಹಸಿರು ಸೀರೆ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ಅಂಥ ನೋಟವನ್ನು ನಾನು ಅದಕ್ಕೂ ಮೊದಲು ನೋಡಿಲ್ಲ, ಆಮೇಲೂ ನೋಡಿಲ್ಲ. ಅವಳು ನಾಚಿಕೊಂಡಳು ಅಂದುಕೊಂಡೆ.

ಒಳಗೆ ಹೋಗಿ ಸೀರೆ ಉಟ್ಟುಕೊಂಡು ಬಂದು ಮಣೆಯ ಮೇಲೆ ಕೂತಳು. ಬಳೆಯಾಕಿ ಎದುರು ಕೂತು ಅವಳ ಅಂಗೈ ಒತ್ತಿ ಒತ್ತಿ, ಹೆಬ್ಬೆರಳಿನ ಬುಡ ಮಡಿಸಿ, ಒಂದೊಂದೇ ಬಳೆ ಏರಿಸಿದಳು. ಅರ್ಧಕ್ಕೆ ನಿಂತು ನನ್ನ ಕಡೆ ತಿರುಗಿ, ಅಕ್ಕಾರ, ಮಗಳ ಕೈ ಭಾಳ ತಣ್ಣಗ ಆಗ್ಯಾವಲ್ಲ ಅಂದಳು. ಇಲ್ಲಿನ ಚಳಿಯೇ ಹಾಗೆ ಅಂದೆ ನಾನು. ಅವಳು ಉಳಿದ ಬಳೆಗಳನ್ನು ಹಕ್ಕಿ ಮುಟ್ಟಿದ ಹಾಗೆ ಮೆಲ್ಲಗೆ ತೊಡಿಸಿದಳು. ಒಬ್ಬೊಬ್ಬರೇ ಬಂದು ಅಕ್ಕಿ, ಕಾಯಿ, ಅರಿಶಿನಬೇರು, ಕುಬುಸದ ಬಟ್ಟೆ ಅವಳ ಉಡಿಗೆ ಹಾಕಿದರು. ಗಂಡಾ ಹೆಣ್ಣಾ ಅಂತ ಜಗಳ ಹಚ್ಚಿದರು. ಮಗಳು ಎಲ್ಲರಿಗೂ ತಲೆ ಬಾಗಿಸಿದಳು, ನಕ್ಕಳು ಕೂಡ. ಸೆರಗಿನ ಎರಡೂ ತುದಿ ಗಟ್ಟಿಯಾಗಿ ಹಿಡಿದಿದ್ದಳು, ಒಂದು ಕಾಳೂ ಕೆಳಗೆ ಬೀಳದ ಹಾಗೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅವು ಸಂತೋಷದ ಕಣ್ಣೀರು.

ಎಲ್ಲರೂ ಹೋದ ಮೇಲೆ ಅವಳು ಉಡಿಯನ್ನು ಹಾಗೇ ಹಿಡಿದು ಎದ್ದು, ತುಂಬಿದ್ದನ್ನು ಮೆಲ್ಲಗೆ ದೇವರ ಮುಂದೆ ಸುರಿದು, ಬಚ್ಚಲಿಗೆ ಹೋದಳು. ಒಳಗೆ ನಲ್ಲಿ ಬಿಟ್ಟ ಸದ್ದು. ಬಹಳ ಹೊತ್ತು. ಬಂದಾಗ ನೈಟಿ ಹಾಕಿದ್ದಳು, ಸೀರೆ ಮಡಚಿ ಕೈಯಲ್ಲಿತ್ತು.

"ಅವ್ವಾ, ಅದು ನಿಂತಿಲ್ಲ," ಅಂದಳು. "ಮುಂಜಾನಿಂದನ ಹೊಂಟೈತಿ."

ನನಗೆ ತಿಳಿಯಲಿಲ್ಲ. ಡಾಕ್ಟರ್ ಇಟ್ಟಿದ್ದರಲ್ಲ ಅಂದೆ.

"ಇಟ್ಟಿದ್ರು. ಇಟ್ಟದ್ದೆಲ್ಲಾ ಹತ್ತೂದಿಲ್ಲವ್ವ."

ಆಗ ತಿಳಿಯಿತು. ಬೆಳಿಗ್ಗೆ ಬಚ್ಚಲಲ್ಲಿ ಯಾಕೆ ಅಷ್ಟು ಹೊತ್ತು, ಆ ಚೀಲದಲ್ಲಿ ಏನಿತ್ತು, ಕೈ ಯಾಕೆ ತಣ್ಣಗಿತ್ತು. ಮಣೆಯ ಮೇಲೆ ಕೂತಾಗ, ಹೆಂಗಸರು ಹಾಡು ಹೇಳುವಾಗ, ಅವಳಿಗೆ ಹೋಗುತ್ತಾ ಇತ್ತು. ಮೇಲೆ ಉಡಿ ತುಂಬುತ್ತಿತ್ತು, ಕೆಳಗೆ ಅದು ಬರಿದಾಗುತ್ತಿತ್ತು. ನಾನು ಕೂತಲ್ಲೇ ಕೂತೆ. ಯಾಕೆ ಹೇಳಲಿಲ್ಲ, ಬಾಗಿಲಲ್ಲೇ ಯಾಕೆ ನನ್ನನ್ನು ಬೈಯಲಿಲ್ಲ ಅಂತ ಕೇಳಬೇಕು ಅನಿಸಿತು. ಅವಳು ಚಹಾ ಮಾಡಲೇನು ಅಂತ ನನ್ನನ್ನೇ ಕೇಳಿದಳು.

ಸೋಮವಾರ ಆಫೀಸಿಗೆ ಹೋಗಬೇಕು, ಕೈ ತುಂಬ ಹಸಿರು ಬಳೆ. ಒಡೆಯಬಾರದು, ಅದು ಅಪಶಕುನ. ಭಾನುವಾರ ಬೋಗುಣಿಯಲ್ಲಿ ಸಾಬೂನು ನೀರು ಇಟ್ಟು ಅವಳ ಕೈ ನನ್ನ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಜಾರಿಸಿದೆ. ಸಣ್ಣವಳಿದ್ದಾಗ ಹೀಗೇ ಮಣ್ಣಿನ ಕೈ ತೊಳೆಯುತ್ತಿದ್ದೆ. ಎಡಗೈಯ ಒಂದು ಬಳೆ ಏನು ಮಾಡಿದರೂ ಬರಲಿಲ್ಲ. ಅದನ್ನು ಸ್ವೆಟರ್‌ನ ತೋಳಿನೊಳಗೆ ಮುಚ್ಚಿಕೊಂಡು ಅವಳು ಕೆಲಸಕ್ಕೆ ಹೋದಳು. ಉಳಿದವನ್ನು ಸ್ಟೀಲ್ ಡಬ್ಬಿಗೆ ಹಾಕಿ ಅವಳ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ದೇವರ ಮುಂದಿನ ಅಕ್ಕಿ ಅನ್ನ ಮಾಡಲು ಮನಸ್ಸಾಗಲಿಲ್ಲ, ಎಸೆಯಲೂ ಮನಸ್ಸಾಗಲಿಲ್ಲ. ಹಿತ್ತಲಿನ ಹುಲ್ಲಿನ ಮೇಲೆ ಹರಡಿದೆ, ಗುಬ್ಬಿಗಳು ಬಂದು ತಿಂದವು.

ಊರಿಗೆ ಹೋಗುವ ದಿನ ವಿಮಾನ ನಿಲ್ದಾಣದಲ್ಲಿ ಮಗಳು ಕಾಲು ಮುಟ್ಟಿ ನಮಸ್ಕರಿಸಿದಳು. ಏನು ಅಂತ ಹರಸಲಿ? ಬಾಯಿಗೆ ಬರುವುದು ಒಂದೇ ಹರಕೆ, ಅದನ್ನೇ ಆಡುವ ಹಾಗಿಲ್ಲ. ತಲೆಯ ಮೇಲೆ ಕೈ ಇಟ್ಟೆ.

ಗದಗಿನಲ್ಲಿ ಏಕಾದಶಿಗೆ ಸಾಬೂದಾಣಿ ನೆನೆಹಾಕುವುದನ್ನು ಬಿಟ್ಟೆ. ಯಾಕೆ ಅಂತ ಯಾರಿಗೂ ಹೇಳಲಿಲ್ಲ. ಒಂದು ಸಲ ತಿಳಿಯದೆ ತಂಗಿ ನೆನೆಹಾಕಿದ್ದಳು. ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ಪಾತ್ರೆ ತುಂಬ ಬಿಳಿ ಚುಕ್ಕಿಗಳು ನನ್ನನ್ನೇ ನೋಡುತ್ತಿದ್ದವು. ಹಾಗೇ ಮುಚ್ಚಿಟ್ಟು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಮಗಳು ಫೋನ್ ಮಾಡುತ್ತಿದ್ದಳು. ಹವೆ, ಅಡುಗೆ, ಆಫೀಸು. ಆ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳ ಮನಸ್ಸಿನಲ್ಲಿ ನನ್ನ ಮೇಲೆ ಏನಿದೆಯೋ ಅನ್ನುವ ಭಯ ನನಗೆ. ಹೀಗೇ ವರ್ಷ ಕಳೆದು ಇನ್ನೂ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ ವಿಡಿಯೋದಲ್ಲಿ ಬಂದು ಎದ್ದು ನಿಂತು ಪಕ್ಕಕ್ಕೆ ತಿರುಗಿದಳು. ಹೊಟ್ಟೆ ತುಂಬಿ ಬಂದಿತ್ತು, ಐದು ತಿಂಗಳು ದಾಟಿದ್ದು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

"ಅವ್ವಾ, ಕುಬುಸ ಬ್ಯಾಡ," ಅಂದಳು. "ಹಡಿಯೂತನಾ ಏನೂ ಬ್ಯಾಡ. ಯಾರಿಗೂ ಹೇಳಬ್ಯಾಡ."

ಹೇಳಲಿಲ್ಲ. ನನ್ನಂಥ ಬಾಯಿಬಡುಕಿ ಒಡಹುಟ್ಟಿದ ತಂಗಿಗೂ ಹೇಳಲಿಲ್ಲ. ಹಿಗ್ಗು ಬಂದಾಗೆಲ್ಲ ಮೇಲೆ ಕಲ್ಲು ಹೇರಿದೆ. ಹಸಿರು ಸೀರೆ ಉಡಿಸಲಿಲ್ಲ, ಒಂದು ಹೂವು ಮುಡಿಸಲಿಲ್ಲ. ಇದ್ದೊಬ್ಬ ಮಗಳ ಬಸಿರು ಹೀಗೆ ಕಳವಿನ ಸಾಮಾನಿನ ಹಾಗೆ ಮುಚ್ಚಿಟ್ಟು ಕಳೆಯಿತು.

ಹೆರಿಗೆಗೆ ಮತ್ತೆ ಬಂದೆ, ಹೆಚ್ಚು ದಿನದ ವೀಸಾ ಮಾಡಿಸಿಕೊಂಡು. ಈ ಸಲ ಚೀಲದಲ್ಲಿ ನಮ್ಮ ಅಡುಗೆಮನೆಯ ಗುಂಡಕಲ್ಲನ್ನು ತಿಕ್ಕಿ ತೊಳೆದು ಒಣಗಿಸಿ, ಹಳೆ ಸೀರೆಯಲ್ಲಿ ಸುತ್ತಿ ತಂದಿದ್ದೆ. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡಕಲ್ಲಿಗೆ ಕೂಸಿನ ಕುಲಾವಿ ಟೊಪ್ಪಿಗೆ ಕಟ್ಟಿ, ಕುಂಕುಮ ಹಚ್ಚಿ, ಅದನ್ನೇ ಕೂಸಿನ ಹಾಗೆ ಮಲಗಿಸಿ ತೂಗುತ್ತಾರೆ. ಅದನ್ನು ಎತ್ತಿದ ಮೇಲೆ ನಿಜವಾದ ಕೂಸು. ಇಲ್ಲಿ ಮಿಕ್ಸರಿನ ಮನೆಗಳಲ್ಲಿ ಅಂಥ ಕಲ್ಲು ಎಲ್ಲಿ ಸಿಗಬೇಕು? ಆಕ್ಲೆಂಡ್‌ನಲ್ಲಿ ಇಳಿದಾಗ ತಪಾಸಣೆಯ ಮನುಷ್ಯ ಸೀರೆ ಬಿಚ್ಚಿ, ಕಲ್ಲನ್ನು ತಿರುವಿ ತಿರುವಿ ಮಣ್ಣಿದೆಯೇ ಅಂತ ನೋಡಿ, ಇದೇನು ಅಂತ ಕೈಸನ್ನೆಯಲ್ಲಿ ಕೇಳಿದ. ನನಗೆ ಬರುವ ಇಂಗ್ಲಿಷಿನಲ್ಲಿ ಬೇಬಿ ಅಂದೆ. ಅವನು ಕಲ್ಲು ನೋಡಿದ, ನನ್ನನ್ನು ನೋಡಿದ. ಬೇಬಿ, ಬೇಬಿ ಅಂತ ತೋಳಿನಲ್ಲಿ ತೂಗಿ ತೋರಿಸಿದೆ. ಅವನು ನಕ್ಕು, ಅದನ್ನು ಮತ್ತೆ ಸೀರೆಯಲ್ಲಿ ಸುತ್ತಿ, ಎರಡೂ ಕೈಯಿಂದ ನನಗೆ ಕೊಟ್ಟ.

ಮೊಮ್ಮಗಳು ಹುಟ್ಟಿದಳು. ಕರಿಗೂದಲು, ಉದ್ದ ಬೆರಳು, ನನ್ನ ತಾಯಿಯ ಮೂಗು. ಮೊದಲ ಸಲ ಕೈಗೆ ಕೊಟ್ಟಾಗ ನರ್ಸ್ ನನ್ನನ್ನು ನೋಡಿ ಕುರ್ಚಿ ತಂದಳು. ಅದರ ಬಗ್ಗೆ ಬರೆದರೆ ಈ ಕಾಗದ ಸಾಲುವುದಿಲ್ಲ.

ಆಮೇಲೆ ಒಂದು ದಿನ ಅಳಿಯ ಹಾಲಿನ ಬಾಟಲಿ ಕುದಿಸುತ್ತ ನಿಂತಿದ್ದರು. ಈಕೆ ಯಾವಾಗಿನವಳು ಅಂತ ಸುಮ್ಮನೆ ಕೇಳಿದೆ, ಮಗಳು ಯಾವಾಗ ಹೊಸದಾಗಿ ಸೂಜಿ ತಗೊಂಡಳು ಅಂತ. ಅಳಿಯ ಒಲೆ ಸಣ್ಣದು ಮಾಡಿದರು. ಹೊಸದಾಗಿ ತಗೊಂಡಿಲ್ಲ ಅತ್ತೀ ಅಂದರು. ಆವಾಗಲೇ ಎರಡು ಆಗಿದ್ದವು, ಒಂದೇ ದಿನ. ಒಂದನ್ನು ಆಗ ಇಟ್ಟರು, ಇನ್ನೊಂದನ್ನು ಹಿಮದ ಹಾಗೆ ತಂಪಿನಲ್ಲಿ ಕಾಯ್ದಿಟ್ಟಿದ್ದರು. ಇವಳು ಅದು.

ಹಂಗಾದರೆ ಇಬ್ಬರೂ ಒಂದೇ ದಿನದವರು. ಒಂದಕ್ಕೆ ಕುಬುಸ ಆಯಿತು, ಕೂಸು ಉಳಿಯಲಿಲ್ಲ. ಇನ್ನೊಂದು ಕುಬುಸವಿಲ್ಲದೆ ನನ್ನ ತೊಡೆಯ ಮೇಲೆ ಮಲಗಿದೆ. ಎರಡೂ ಒಂದು ಕಾಲಕ್ಕೆ ನನ್ನ ಹೊಟ್ಟೆಯಲ್ಲೇ ಇದ್ದವು. ಅವತ್ತಿನಿಂದ ನಾನು ಈ ಕೂಸನ್ನು ಮುದ್ದಿಸಿದಾಗೆಲ್ಲ ಎದೆಯ ಒಂದು ಕಡೆ ಹಾಲು ಉಕ್ಕಿದ ಹಾಗೆ, ಇನ್ನೊಂದು ಕಡೆ ಯಾರೋ ಹಿಂಡಿದ ಹಾಗೆ. ಉಕ್ಕುವುದೂ ನಿಲ್ಲಲಿಲ್ಲ, ಹಿಂಡುವುದೂ ನಿಲ್ಲಲಿಲ್ಲ.

ತೊಟ್ಟಿಲ ಕಾರ್ಯವನ್ನು ಮಗಳೇ ಮಾಡೋಣ ಅಂದಳು. ಅದೇ ಹಾಲ್, ಹೆಂಗಸರೂ ಹೆಚ್ಚು ಕಡಿಮೆ ಅವರೇ. ಬಳೆಯಾಕಿ ಬಾಗಿಲಲ್ಲಿ ನನ್ನ ಕೈ ಹಿಡಿದು ಒತ್ತಿದಳು. ಯಾರದೋ ಮನೆಯ ಮರದ ತೊಟ್ಟಿಲು ತಂದು ಸೇವಂತಿಗೆ ಸುತ್ತಿದ್ದೆವು. ಗುಂಡಕಲ್ಲಿಗೆ ಕುಲಾವಿ ಕಟ್ಟಿ ಮಲಗಿಸಿದರು. ತೊಟ್ಟಿಲು ತೂಗಿ ಜೋಗುಳ ಹಾಡಿದರು. ಇನ್ನು ಕಲ್ಲು ತೆಗೆದು ಕೂಸು ಮಲಗಿಸಬೇಕು ಅನ್ನುವಾಗ, ಮಗಳು ತಾನೇ ಬಗ್ಗಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು. ಕೆಳಗಿಡು ಅಂದರೆ ಇಡಲಿಲ್ಲ. ಕಲ್ಲಿನ ಮ್ಯಾಲ ಭಾಳ ಜೀವ ನೋಡ್ರಿ ಬಾಣಂತಿದು ಅಂತ ಒಬ್ಬಾಕಿ ನಗೆಯಾಡಿದಳು. ಬಳೆಯಾಕಿ ಅವಳಿಗೆ ಕಣ್ಣು ಮಾಡಿ ಸುಮ್ಮನಾಗಿಸಿ, ತಾನೇ ಮುಂದೆ ಹೋಗಿ ಕೂಸನ್ನು ತೊಟ್ಟಿಲಿಗೆ ಹಾಕಿಸಿದಳು.

ಊಟಕ್ಕೆ ಎಲ್ಲರೂ ಎದ್ದಾಗ ಮಗಳು ನನ್ನನ್ನು ಹತ್ತಿರ ಕರೆದು, ಕಪಾಟಿನೊಳಗಿನ ಸ್ಟೀಲ್ ಡಬ್ಬಿ ತರಲು ಹೇಳಿದಳು. ಆ ಡಬ್ಬಿ ಅವಳಿಗೆ ಗೊತ್ತಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ತಂದುಕೊಟ್ಟೆ. ಮುಚ್ಚಳ ತೆಗೆದರೆ ನಾನು ಇಟ್ಟ ಬಳೆಗಳ ಮೇಲೆ ಆ ಸಾಬೂದಾಣಿಯಂಥ ಫೋಟೋ. ಅವತ್ತು ಕೈಯಿಂದ ಬರದೇ ಇದ್ದ ಆ ಒಂದು ಬಳೆಯೂ ಅದರಲ್ಲೇ ಇತ್ತು. ಒಂದೊಂದೇ ತೆಗೆದು, ಕುಲಾವಿ ಕಟ್ಟಿದ ಕಲ್ಲಿನ ಸುತ್ತ ತನ್ನ ಮಡಿಲಲ್ಲಿ ಇಟ್ಟಳು. ನನಗೆ ತಡೆಯಲಾಗಲಿಲ್ಲ. ಅವತ್ತು ಬಾಗಿಲಲ್ಲೇ ಹೇಳಬಾರದಿತ್ತೇನು, ಎಲ್ಲರನ್ನೂ ಕಳಿಸಿಬಿಡುತ್ತಿದ್ದೆನಲ್ಲ ಅಂದೆ. ಇಷ್ಟು ದಿನ ಕೇಳದೆ ಇಟ್ಟುಕೊಂಡದ್ದು ಅದು.

ಅವಳು ಕಲ್ಲಿನ ಮೇಲೆ ಕೈಯಾಡಿಸುತ್ತಲೇ ಇದ್ದಳು.

"ನಿನ್ನ ಸಲುವಾಗಿ ಕುಂತಿರಲಿಲ್ಲವ್ವ ನಾ," ಅಂದಳು. "ಹ್ಯಾಂಗೂ ಹೊಂಟಿತ್ತು. ಹೋಗೂಮುಂದ ಅದಕ್ಕೂ ಒಂದು ಕುಬುಸ ಆಗಲಿ ಅಂತ ಕುಂತೆ."

ತೊಟ್ಟಿಲಲ್ಲಿ ಮೊಮ್ಮಗಳು ಹಸಿದು ಅಳಲು ಶುರು ಮಾಡಿದಳು. ಮಗಳು ಬಳೆಗಳನ್ನು ಡಬ್ಬಿಗೆ ಹಾಕಿ, ಕಲ್ಲನ್ನು ನನ್ನ ಕೈಗೆ ಕೊಟ್ಟು, ಕೂಸನ್ನು ಎತ್ತಿಕೊಂಡು ಹಾಲು ಕುಡಿಸಲು ಒಳಗೆ ಹೋದಳು. ನಾನು ಕಲ್ಲನ್ನು ಎದೆಗೆ ಒತ್ತಿಕೊಂಡು ನಿಂತೆ. ಅವಳ ಮಡಿಲಲ್ಲಿದ್ದು ಅದು ಬೆಚ್ಚಗಾಗಿತ್ತು.